ಹೋದ 'ಲಾ' ವಾಪಸ್ ಬರಬೇಕು

ಮಳವಳ್ಳಿಯಿಂದ ಮದ್ದೂರಿಗೆ ಹೊರಟಿದ್ದ ಬಸ್ಸಿಗೆ ಎಂಬತ್ತರ ಆಸುಪಾಸಿನ ಅಜ್ಜಿಯೊಂದು ಹತ್ತಿತು. ಕಂಕುಳಲ್ಲಿ ಗಂಟು, ಕೈಯಲ್ಲಿ ಕೋಲು, ಬಾಯಲ್ಲಿ ಎಲೆಅಡಿಕೆ. ಬಸ್ಸು ಕಾಲಿಡಲೂ ಜಾಗವಿಲ್ಲದಂತೆ ತುಂಬಿತ್ತು. ಬಾಗಿಲ ಹತ್ತಿರದ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬರು ಕೂತಿದ್ದರು. ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ಮಂದಹಾಸ. ಅವರು ಅಜ್ಜಿಗೆ ಹೇಳಿದರು: "ಅಮ್ಮಾ, ತಾವು ದಯವಿಟ್ಟು ತಪ್ಪು ತಿಳ್ಕೋಬಾರದು, ಸ್ವಲ್ಪ ಆ ಕಡೆ ನಿಂತ್ಕೊಳ್ತೀರಾ? ತಮ್ಮ ಕೋಲು ನನ್ನ ಪ್ಯಾಂಟಿಗೆ ತಾಗ್ತಾ ಇದೆ." ಆಮೇಲೆ ಪಕ್ಕದವರ ಕಡೆ ತಿರುಗಿ, ದನಿ ಇನ್ನಷ್ಟು ಮೆತ್ತಗೆ ಮಾಡಿ, "ಪಾಪ, ಫ್ರೀ ಅಲ್ವಾ, ಇವರೂ ನಾಲ್ಕು ಕಡೆ ಓಡಾಡ್ಲಿ ಬಿಡಿ" ಎಂದರು. 2023ರ ಜೂನ್ 11ರಿಂದ ಹೆಂಗಸರ ಟಿಕೆಟ್ಟಿನ ಬೆಲೆ ಸೊನ್ನೆ. ಆ ಸೊನ್ನೆಯ ಬಾಕಿಯನ್ನು ಇಂಥ 'ಪಾಪ'ಗಳ ಮೂಲಕ ವಸೂಲು ಮಾಡುವ ಗಂಡಸರು ಬಸ್ಸಿಗಿಬ್ಬರಂತೆ ಇದ್ದೇ ಇರುತ್ತಾರೆ.

ಅಷ್ಟರಲ್ಲಿ ಕಂಡಕ್ಟರು ಹಿಂದಿನಿಂದ ಕೂಗಿದ: "ಈ ಉರಿಬಿಸ್ಲಲ್ಲಿ ಎಲ್ಲಿಗಮ್ಮಿ ಹೊಂಟೆ ಮುದ್ಕಿ, ಸಾಯಕ್ಕಾ? ಮನೇಲಿ ಬಿದ್ಕಳಕ್ಕೆ ಏನ್ ಬಂದಿತ್ತು ರೋಗ? ತತ್ತಾ ಇತ್ಲಾಗೆ ಆ ಗಂಟ!" ಬಯ್ಯುತ್ತಲೇ ಜನರನ್ನು ಸೀಳಿಕೊಂಡು ಬಂದ. ಗಂಟು ಕಿತ್ತುಕೊಂಡ. ಇನ್ನೊಂದು ಕೈಯಲ್ಲಿ ಅಜ್ಜಿಯ ರಟ್ಟೆ ಹಿಡಿದು ನಡೆಸಿಕೊಂಡು ಹೋದ. ತನ್ನ ಸೀಟಿನ ಮೇಲಿದ್ದ ಪೆಟ್ಟಿಗೆಯನ್ನು ಕಾಲ ಕೆಳಗೆ ಒಗೆದು, ಅಲ್ಲಿ ಅಜ್ಜಿಯನ್ನು ಕೂರಿಸಿ, ತಾನು ಕಂಬಕ್ಕೆ ಒರಗಿ ಟಿಕೆಟ್ ಹರಿಯತೊಡಗಿದ.

ಕಿಟಕಿ ಪಕ್ಕದಲ್ಲಿದ್ದ ನಾನು ಇಬ್ಬರ ಮಾತನ್ನೂ ಮೊಬೈಲಿನಲ್ಲಿ ಬರೆದುಕೊಂಡೆ. ಬಿಳಿ ಅಂಗಿಯ ವಾಕ್ಯದಲ್ಲಿ ಒಂದೇ ಒಂದು ವ್ಯಾಕರಣದೋಷ ಇರಲಿಲ್ಲ.

ಅಂದು ನಾನು ಹೊರಟಿದ್ದದ್ದು ಮಂಡ್ಯಕ್ಕೆ. ಒಂದು ಕಚೇರಿಯ ಸಿಬ್ಬಂದಿಗೆ ಸೌಜನ್ಯದಿಂದ ಮಾತಾಡುವುದು ಹೇಗೆ ಎಂಬ ಅರ್ಧ ದಿನದ ತರಬೇತಿ ಇತ್ತು. ಜಿಲ್ಲೆಯ ಮಾತು ಬಲ್ಲವನು ಅಂತ ನನಗೂ ಒಂದು ಕುರ್ಚಿ ಹಾಕಿಸಿದ್ದರು. ಕಚೇರಿಯ ಹೆಸರು ಬೇಡ. ಹೇಳಿದರೆ ಬಹಳ ಸೌಜನ್ಯದಿಂದ ನೋಟಿಸು ಕಳಿಸುತ್ತಾರೆ.

ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಪರದೆಯ ಮೇಲೆ ಮೂರು ಪದ ಮೂಡಿಸಿದರು: ದಯವಿಟ್ಟು, ಕ್ಷಮಿಸಿ, ಧನ್ಯವಾದ. ಇವನ್ನು ದಿನಕ್ಕೆ ಇಪ್ಪತ್ತು ಸಲ ಬಳಸಿದರೆ ಕಚೇರಿಯೇ ನಂದನವನ ಎಂದರು. ಮದ್ದೂರು ಕಡೆಯ ಗುಮಾಸ್ತರೊಬ್ಬರು ಕೈಯೆತ್ತಿದರು. "ಸಾ, ನಮ್ ಕಡೆ ಯಾರಾನ 'ದಯವಿಟ್ಟು' ಅಂತ ಸುರು ಮಾಡುದ್ರೆ ಜನ ಮೊದ್ಲು ಜೇಬು ಮುಟ್ಟಿ ನೋಡ್ಕತರೆ. 'ಕ್ಷಮಿಸಿ' ಅಂದ್ರೆ ಫೈಲು ಕಳ್ದೋಗದೆ ಅಂತ ಲೆಕ್ಕ. 'ಧನ್ಯವಾದ' ಅಂದ್ರೆ ಇನ್ನ ಎದ್ದೋಗು ಅಂತ." ತರಬೇತುದಾರರು ಒಂದು ಕ್ಷಣ ಸುಮ್ಮನಿದ್ದು, "ಧನ್ಯವಾದಗಳು" ಎಂದರು. ಗುಮಾಸ್ತರು ಅರ್ಥ ಮಾಡಿಕೊಂಡು ಕೂತರು.

ನಮ್ಮ ಜಿಲ್ಲೆಯ ನಾಲಗೆಯ ಬಗ್ಗೆ ಹೊರಗಿನವರಿಗೆ ಇರುವ ಭಯ ಇವತ್ತಿನದಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಗನ ಮನೆಗೆ ಹೋದ ಮಂಡ್ಯದ ಅಪ್ಪ ಬಾಲ್ಕನಿಯಲ್ಲಿ ನಿಂತು ಊರಿನ ತಮ್ಮನಿಗೆ ಫೋನು ಮಾಡಿದರೆ ಸೆಕ್ಯೂರಿಟಿಯವನು ಓಡಿ ಬರುತ್ತಾನೆ, ಏನು ಜಗಳ ಅಂತ. ಜಗಳವಲ್ಲ ಮಾರಾಯ, ಎಮ್ಮೆ ಕರು ಹಾಕ್ತಾ ಅಂತ ವಿಚಾರಿಸುತ್ತಿದ್ದಾರೆ. ಸಿನಿಮಾದವರಂತೂ ನಗಿಸುವವನಿಗೂ ಗುದ್ದುವವನಿಗೂ ನಮ್ಮ ಮಾತನ್ನೇ ಹಂಚಿ, ಪ್ರೀತಿಸುವ ನಾಯಕನ ಬಾಯಿಗೆ ಮಾತ್ರ ಯಾವ ಊರಿನದೂ ಅಲ್ಲದ ಕನ್ನಡವನ್ನು ಇಟ್ಟರು. ಇಂಗ್ಲಿಷ್ ಮೀಡಿಯಂ ಶಾಲೆಗಳು ನಮ್ಮ ಏಕವಚನದ ಬಾಲವಾದ 'ಲಾ' ಅಂದರೆ ದಂಡ ಹಾಕಿದವು. ಮಕ್ಕಳು 'ಲಾ' ಬಿಟ್ಟು 'ಬ್ರೋ' ಹಿಡಿದರು. ಶಾಲೆಗೆ ತೃಪ್ತಿಯಾಯಿತು.

ನಮ್ಮವರೂ ಸುಮ್ಮನಿರಲಿಲ್ಲ, ಮೈಕಿನ ಮುಂದೆ ನಾಜೂಕಾಗಲು ಹೊರಟರು. ಮನೆಯಲ್ಲಿ 'ಹಾಲು' 'ಆಲು' ಆಗುತ್ತದೆ, 'ಹಣ' 'ಅಣ' ಆಗುತ್ತದೆ, ಯಾರಿಗೂ ತೊಂದರೆಯಿಲ್ಲ. ವೇದಿಕೆ ಹತ್ತಿದ ಕೂಡಲೇ ಉಳಿತಾಯ ಮಾಡಿಟ್ಟ ಹಕಾರಗಳೆಲ್ಲ ಒಟ್ಟಿಗೆ ಹೊರಗೆ ಬಂದು 'ಅಧ್ಯಕ್ಷರು' 'ಹದ್ಯಕ್ಷರು' ಆಗುತ್ತಾರೆ. 'ಆದರದ ಸ್ವಾಗತ' ಏನಾಗುತ್ತದೆ ಎಂಬ ಹಳೇ ಜೋಕನ್ನು ನಾನಿಲ್ಲಿ ಬಿಡಿಸಿ ಹೇಳಬೇಕಿಲ್ಲ. ಸೌಜನ್ಯ ಅತಿಯಾದಾಗ ಒಂದಕ್ಷರದ ದೂರದಲ್ಲೇ ಅವಮಾನ ಕೂತಿರುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಆದರೆ ತರಬೇತುದಾರರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. 'ಧನ್ಯವಾದ' ಎಂಬ ಪದ ನಮ್ಮ ಹಳ್ಳಿಗಳಿಗೆ ಬಂದದ್ದು ಆಮಂತ್ರಣ ಪತ್ರಿಕೆಯ ಜೊತೆ, ಕಾರ್ಯಕ್ರಮದ ಕೊನೆಯ 'ವಂದನಾರ್ಪಣೆ'ಯ ನೆಂಟನಾಗಿ. ಅದಕ್ಕೂ ಮುಂಚೆ ಜನ ಒಬ್ಬರಿಗೊಬ್ಬರು ನೀರು ಕೊಡುತ್ತಿರಲಿಲ್ಲವೆ? ಕುಡಿದವನು ಚೊಂಬು ಕೆಳಗಿಟ್ಟು "ನಿನ್ನೊಟ್ಟೆ ತಣ್ಣಗಿರ್ಲಿ ಕಣವ್ವ" ಅನ್ನುತ್ತಿದ್ದ. ಮನೆಯಿಂದ ಹೊರಡುವವರು ಇವತ್ತಿಗೂ "ಹೋಯ್ತೀನಿ" ಅನ್ನುವುದಿಲ್ಲ, "ಹೋಗ್ಬತ್ತೀನಿ" ಅನ್ನುತ್ತಾರೆ. ಉಳಿದವರ ಎದೆಯಲ್ಲಿ ಸಣ್ಣ ಗುಳಿ ಬೀಳದಿರಲಿ ಅಂತ ಆ ಒಂದು 'ಬತ್ತೀನಿ'. ದೀಪ ಆರಿಸು ಅನ್ನುವ ಬಾಯಿ ನಮ್ಮ ಮುದುಕಿಯರಿಗಿರಲಿಲ್ಲ, "ದೀಪ ದೊಡ್ಡದು ಮಾಡು" ಅನ್ನುತ್ತಿದ್ದರು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದಾರಿಯಲ್ಲಿ ಸಿಕ್ಕವನನ್ನು ನೇರವಾಗಿ "ಎಲ್ಲಿಗೆ?" ಎಂದು ತಡೆಯಬಾರದು ಅಂತ "ದೂರ ಹೊಂಟ್ಬುಟ್ಟೆ?" ಅನ್ನುತ್ತಿದ್ದರು. ಆರುವ ದೀಪದ ಮನಸ್ಸನ್ನೂ ನೋಯಿಸಲು ಹೆದರುತ್ತಿದ್ದ ಅದೇ ಬಾಯಿ ಮೊಮ್ಮಗನನ್ನು "ಬಾರ್ಲಾ ಬಡ್ಡೈದ್ನೆ, ಉಣ್ಣು ಬಾ, ಮುದ್ದೆ ಆರೋಯ್ತದೆ" ಎಂದು ಕರೆಯುತ್ತಿತ್ತು. ಇದನ್ನು ಪರದೆಯ ಮೇಲೆ ಮೂಡಿಸುವುದು ಹೇಗೆ?

ಸಕ್ಕರೆ ನಾಡು ಅಂತ ನಮ್ಮ ಬಿರುದು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಅಂಟಿಕೊಂಡದ್ದು. ಆದರೆ ಮಾತಿನ ವಿಚಾರ ತಿಳಿಯಬೇಕಾದರೆ ಕಾರ್ಖಾನೆಗಿಂತ ಆಲೆಮನೆಗೆ ಹೋಗುವುದು ಒಳ್ಳೆಯದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ಮೇಲೆ ಬರುತ್ತದೆ. ಸುಣ್ಣ ಬೆರೆಸಿ, ಬೆಂಡೆ ಗಿಡದ ಲೋಳೆ ಹಿಂಡಿ, ತೇಲಿದ್ದನ್ನೆಲ್ಲ ಜಾಲರಿ ಸೌಟಿನಲ್ಲಿ ಎತ್ತಿ ಬಿಸಾಡಬೇಕು. ಬೆವರಿನ ಕೆಲಸ. ಹೀಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ, ನೋಡುವುದಕ್ಕೆ ಗಡವ. ಪೇಟೆಯ ಗಿರಾಕಿ ಅದನ್ನು ಮುಟ್ಟಿ ನೋಡಿ, ಮೂಗು ಮುರಿದು, ಹೊಂಬಣ್ಣದ್ದು ಇದೆಯಾ ಅನ್ನುತ್ತಾನೆ. ಅವನಿಗಾಗಿ ಹೈಡ್ರೋಸ್ ಬಂತು. ಸೋಡಿಯಂ ಹೈಡ್ರೋಸಲ್ಫೈಟ್. ಕುದಿಯುವ ಪಾಕಕ್ಕೆ ಒಂದು ಹಿಡಿ ಎರಚಿದರೆ ಬೆಲ್ಲ ಮದುವಣಗಿತ್ತಿಯಂತೆ ಬೆಳ್ಳಗಾಗುತ್ತದೆ. ಕೊಳೆ ಅಲ್ಲೇ ಇರುತ್ತದೆ, ಬಣ್ಣ ಮಾತ್ರ ಹೋಗುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ದಶಲಕ್ಷಕ್ಕೆ 70 ಭಾಗ ಮೀರಬಾರದೆಂದು ನಿಯಮವುಂಟು. ನಾಲಗೆಗೆ ಎರಚುವ ಹೈಡ್ರೋಸಿಗೆ ಇನ್ನೂ ಮಿತಿ ಗೊತ್ತುಮಾಡಿಲ್ಲ.

ಮದ್ದೂರು ತಾಲ್ಲೂಕೊಂದೇ ಈ ಎರಡೂ ಬೆಲ್ಲವನ್ನು ರಾಜ್ಯಕ್ಕೆ ಕೊಟ್ಟಿದೆ. ಎರಡರ ಮೇಲೂ ನನಗೆ ಗೌರವವಿದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಊರಿಗೆ ವಾಪಸ್ ಹೋಗಬೇಕಲ್ಲ. ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅಮೆರಿಕದಲ್ಲಿ ಓದಿ ಬಂದವರು, ಮಡಿಕೆ ಕೆಡದ ಅಂಗಿ, ಮಡಿಕೆ ಕೆಡದ ಮಾತು. ಏರುದನಿಯಲ್ಲಿ ಅವರನ್ನು ಕಂಡವರು ಕಡಿಮೆ. 2011ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವರಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೂತಿದ್ದಾಗ ಮೇಜಿನ ಮೇಲಿದ್ದ ಪೋರ್ಚುಗಲ್ ಸಚಿವರ ಭಾಷಣವನ್ನು ತಮ್ಮದೆಂದುಕೊಂಡು ಮೂರು ನಿಮಿಷದಷ್ಟು ಓದಿದರು. ಪೋರ್ಚುಗೀಸ್ ಮಾತಾಡುವ ದೇಶಗಳು ಅಲ್ಲಿ ಕೂಡಿದ್ದಕ್ಕೆ ಸಂತೋಷಪಡುವ ಸಾಲು ಕೂಡ ಬಂದುಹೋಯಿತು. ಭಾರತದ ರಾಯಭಾರಿ ಬಂದು ತಿದ್ದಬೇಕಾಯಿತು. ಜನ ಕೃಷ್ಣರನ್ನು ನೋಡಿ ನಕ್ಕರು. ನನಗೆ ನಗು ಬಂದದ್ದು ಆ ಭಾಷಣವನ್ನು ನೋಡಿ. ನಾಜೂಕಿನ ಭಾಷೆಯ ಅಸಲಿ ಗುಣ ಅದು: ಲಿಸ್ಬನ್ನಿನದೋ ಸೋಮನಹಳ್ಳಿಯದೋ, ಯಾರ ಬಾಯಿಗೆ ಹಾಕಿದರೂ ಮೂರು ನಿಮಿಷ ಯಾರಿಗೂ ಗೊತ್ತಾಗುವುದಿಲ್ಲ. "ಎತ್ಲಾಗ್ಲಾ ಹೊಂಟೆ" ಎಂಬುದನ್ನು ಪೋರ್ಚುಗಲ್ಲಿನವನು ತಪ್ಪಾಗಿ ಓದಲು ಸಾಧ್ಯವೇ ಇಲ್ಲ.

ಅದೇ ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಪಿಟೀಲು ಚೌಡಯ್ಯನವರ ಮೊಮ್ಮಗ. ತಾತ ಪಿಟೀಲಿಗೆ ಏಳು ತಂತಿ ಕಟ್ಟಿದರು, ಮೊಮ್ಮಗ ಬೈಗುಳಕ್ಕೆ. ಮೂರು ಸಲ ಮಂಡ್ಯದಿಂದ ಲೋಕಸಭೆಗೆ ಗೆದ್ದರು, ಮನೆ ಮುಂದೆ ಬಂದವರನ್ನು ಬೈದೇ ಮಾತಾಡಿಸಿದರು. ಬೈಸಿಕೊಂಡವರು ಅಂಗಾರ ಹಚ್ಚಿಸಿಕೊಂಡವರಂತೆ ಹೊರಬರುತ್ತಿದ್ದರು: "ಅಣ್ಣ ನಂಗೆ ಇವತ್ತು ಬೋ ಚೆನ್ನಾಗಿ ಬೈದ್ರು ಕಣ್ಲಾ." ಯಾರನ್ನಾದರೂ ಅವರು ಬಹುವಚನದಲ್ಲಿ ಮಾತಾಡಿಸಿದರೆ ಆ ಮನುಷ್ಯನಿಗೆ ಅಂದು ನಿದ್ದೆ ಬರುತ್ತಿರಲಿಲ್ಲವಂತೆ. 2018ರ ನವೆಂಬರಿನಲ್ಲಿ ಅವರ ದೇಹವನ್ನು ಮಂಡ್ಯದ ಸ್ಟೇಡಿಯಮ್ಮಿಗೆ ತಂದಾಗ ಜನ ರಾತ್ರಿಯಿಡೀ ಸಾಲಿನಲ್ಲಿ ನಿಂತದ್ದು ಯಾವ 'ಮಾನ್ಯರೇ'ಗಾಗಿಯೂ ಅಲ್ಲ.

ಅವರ ಹೆಂಡತಿ ಸುಮಲತಾ ನಿಂತ ಮರುವರ್ಷದ ಚುನಾವಣೆ ಮಾತಿನ ಜಾತ್ರೆ. ಜೋಡೆತ್ತು, ಕಳ್ಳೆತ್ತು, ಎಲ್ಲಿದ್ದೀಯಪ್ಪಾ. ಗಂಡ ಸತ್ತು ಇನ್ನೂ ಎಷ್ಟು ದಿನವಾಯಿತು, ಈಗಲೇ ರಾಜಕೀಯವೆ ಎಂಬರ್ಥದ ಮಾತನ್ನು ಸಚಿವರೊಬ್ಬರು ಆಡಿದರು. ಬಹಳ ಒರಟು ಪದವೇನೂ ಅದರಲ್ಲಿರಲಿಲ್ಲ, ಬೈಗುಳದ ಲವಲೇಶವೂ ಇಲ್ಲ. ದಿನಬೆಳಗಾದರೆ ಬೈಗುಳದಲ್ಲೇ ಮುಖ ತೊಳೆಯುವ ಮಂಡ್ಯದ ಹೆಂಗಸರು ಈ ಒಂದು ಸಭ್ಯ ವಾಕ್ಯಕ್ಕೆ ಸಿಡಿದುಬಿದ್ದರು. ಸುಮಲತಾ ಗೆದ್ದ ಅಂತರ 1,25,876. ಗೆಲುವಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಆ ವಾಕ್ಯವನ್ನು ಮರೆತ ಹೆಂಗಸು ನನಗಿನ್ನೂ ಸಿಕ್ಕಿಲ್ಲ.

ಕಚೇರಿಗಳ ಕನ್ನಡಕ್ಕೆ ಬನ್ನಿ. "ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿ, ನಿಯಮಗಳಲ್ಲಿ ಅವಕಾಶವಿಲ್ಲದಿರುವುದಕ್ಕೆ ವಿಷಾದಿಸಲಾಗಿದೆ." ಯಾರು ಪರಿಶೀಲಿಸಿದರು, ಯಾರು ವಿಷಾದಿಸಿದರು? ಕರ್ತೃವೇ ಇಲ್ಲ. ಸಹಾನುಭೂತಿ ಇದೆ, ಅದನ್ನು ಪಟ್ಟವನು ಇಲ್ಲ. ಪಹಣಿಯಲ್ಲಿ ಹೆಸರು ತಪ್ಪಾಗಿ ಆರು ತಿಂಗಳಿಂದ ಅಲೆಯುತ್ತಿರುವ ರೈತನಿಗೆ "ಯೋಯ್, ನಿನ್ ಕೆಲ್ಸ ಆಗಕ್ಕಿಲ್ಲ ಕಣೋ, ಈ ಕಾಗ್ದ ತತ್ತಾ, ಆಮೇಲ್ ಬಾ" ಎಂದು ಗದರುವ ಜವಾನನೇ ದೇವರು. ಕನಿಷ್ಠ ಯಾವ ಕಾಗದ ಅಂತಲಾದರೂ ತಿಳಿಯಿತು. 2012ರ ಏಪ್ರಿಲ್‌ನಲ್ಲಿ ಶುರುವಾದ 'ಸಕಾಲ' ಎಷ್ಟು ದಿನದೊಳಗೆ ಕೆಲಸ ಮುಗಿಸಬೇಕು ಎಂದು ಗಡುವು ಕೊಟ್ಟಿತು. ಎಷ್ಟು ಮಾತಿನೊಳಗೆ ಮುಗಿಸಬೇಕು ಎಂಬುದನ್ನು ಬಿಟ್ಟುಬಿಟ್ಟಿತು.

ಸಾಹಿತಿಗಳಾದರೂ ಮಾತು ಬಲ್ಲವರು ಅಂದುಕೊಳ್ಳೋಣ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ. ಇದೇ ಮಂಡ್ಯದ 1974ರ ಸಮ್ಮೇಳನಕ್ಕೆ ಜಯದೇವಿತಾಯಿ ಲಿಗಾಡೆ ಅಧ್ಯಕ್ಷೆಯಾದರು, ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ. ಅಂಥ ಹೆಮ್ಮೆಯ ಊರಿಗೆ 2024ರಲ್ಲಿ ಬಂದ ನಿಯಮಗಳ ಪಟ್ಟಿಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಪಕ್ಕದಲ್ಲಿ ಕೂರಿಸಿದ್ದರು. ನಿಷೇಧ, ನಿಷೇಧ, ನಿಷೇಧ. ಒಂದೇ ಉಸಿರು, ಎರಡು ಅಲ್ಪವಿರಾಮ. ಬರೆದವರು ಯಾರನ್ನೂ ಬೈಯಲಿಲ್ಲ. ಒಂದು ಕೆಟ್ಟ ಪದವೂ ಅಲ್ಲಿಲ್ಲ. ಆದರೆ ಬಾಡೂಟ ಹಾಕದಿದ್ದರೆ ನೆಂಟರಿಗೆ ಮರ್ಯಾದೆ ಮಾಡಿದಂತಲ್ಲ ಎಂದುಕೊಂಡಿರುವ ಸೀಮೆಗೆ, ನಿಮ್ಮ ಮನೆಯ ಮಡಕೆಯೂ ಹೆಂಡದ ಬುರುಡೆಯೂ ಒಂದೇ ಎಂದು ಆ ಅಲ್ಪವಿರಾಮ ಹೇಳಿತು. ಜನ ಬೀದಿಗೆ ಬಂದು 'ಬಾಡೇ ನಮ್ ಗಾಡು' ಎಂದು ಕೂಗಿದರು. ಎಂಥ ಒರಟು ಜನ ಅಂತ ಕೆಲವರು ನೊಂದುಕೊಂಡರು. ಅಲ್ಪವಿರಾಮ ಒರಟೆಂದು ಯಾರಿಗೂ ಅನ್ನಿಸಲಿಲ್ಲ.

ಇಲ್ಲಿಯವರೆಗೂ ನಗಬಹುದು. ಮಳವಳ್ಳಿಯ ಮಾತು ಬಂದರೆ ನಗು ನಿಲ್ಲುತ್ತದೆ. ಕಿರುಸಾಲದ ಕಂಪನಿಗಳ ಹುಡುಗರು ಹಳ್ಳಿಗೆ ಬರುವಾಗ 'ಅಕ್ಕ' ಅನ್ನುತ್ತ ಬರುತ್ತಾರೆ. ಸಾಲ ಕೊಡುವ ದಿನ ನಮ್ಮ ಹೆಂಗಸರನ್ನು ಅಷ್ಟು ಮರ್ಯಾದೆಯಿಂದ ಗಂಡನೂ ಮಾತಾಡಿಸಿರುವುದಿಲ್ಲ. ವಾರದ ಕಂತು ತಪ್ಪಿದಾಗ ಅದೇ ಅಕ್ಕನ ಮನೆ ಮುಂದೆ, ಬೀದಿ ಕೇಳುವ ಹಾಗೆ, ಬೇರೆ ಭಾಷೆ ಶುರುವಾಗುತ್ತದೆ. ಬೆದರಿಸುವ, ನಿಂದಿಸುವ ಮಾತು ಆಡಬಾರದು, ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ. ನಿಯಮ ಮುಂಬಯಿಯಲ್ಲಿದೆ, ಹುಡುಗ ಜಗುಲಿಯ ಮೇಲೆ. 2025ರ ಜನವರಿಯಲ್ಲಿ ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಾಲದ ಕಾಟಕ್ಕೆ ಹೆಣ್ಣುಮಗಳೊಬ್ಬಳ ಜೀವ ಹೋದ ಸುದ್ದಿ ಬಂತು. ಫೆಬ್ರವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ತಂದಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮಾತಿನಿಂದಲೂ ಮನುಷ್ಯ ಸಾಯುತ್ತಾನೆ ಎಂಬುದನ್ನು ಕಾಗದದ ಮೇಲೆ ಒಪ್ಪಿಕೊಂಡದ್ದು ಒಳ್ಳೆಯದೇ. ಆ ಹಳ್ಳಿಯಲ್ಲಿ ಈಗ ಯಾರಾದರೂ ಬಂದು 'ಅಕ್ಕ' ಎಂದರೆ ಬಾಗಿಲು ಹಾಕಿಕೊಳ್ಳುವ ಮನೆಗಳಿರಬಹುದು. ಒಂದು ಒಳ್ಳೆಯ ಪದವನ್ನು ಹೀಗೆ ಹಾಳು ಮಾಡಿದ್ದಕ್ಕೆ ಯಾವ ಕಲಂನಲ್ಲೂ ಶಿಕ್ಷೆಯಿಲ್ಲ.

ಇಷ್ಟು ಹೇಳಿ, ನಮ್ಮ ಒರಟು ನಾಲಗೆಗೆ ಒಂದು ಹಾರ ಹಾಕಿ, ಹೊರಗೆ ಗಡುಸು ಒಳಗೆ ಮೃದು ಎಂದು ಮದ್ದೂರು ವಡೆಗೆ ಹೋಲಿಸಿ ಎದ್ದುಬಿಡಬಹುದಿತ್ತು. ಹಾಗೆ ಬರೆಯುವವರು ಮದ್ದೂರು ವಡೆ ತಿಂದಿರುವುದಿಲ್ಲ. 1917ರಲ್ಲಿ ರಾಮಚಂದ್ರ ಬುಧ್ಯರು ಮದ್ದೂರು ರೈಲು ನಿಲ್ದಾಣದಲ್ಲಿ ಮಾಡಿ ಮಾರಿದಾಗಿನಿಂದ ಅದು ತಟ್ಟಿ ಕರಿದ ತೆಳು ವಡೆ, ಒಳಗೂ ಗಡುಸೇ. ನಮ್ಮಲ್ಲೂ ಅಂಥವರಿದ್ದಾರೆ. ಒರಟು ಮಾತಿನ ಒಳಗೆ ಪ್ರೀತಿ ಇದ್ದೇ ಇರುತ್ತದೆ ಎಂಬುದು ನಾವು ನಮಗೇ ಕೊಟ್ಟುಕೊಂಡ ಸರ್ಟಿಫಿಕೇಟು, ಬೈಸಿಕೊಂಡವನ ಸಹಿ ಅದರಲ್ಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಗದ್ದೆ ಕೆಲಸಕ್ಕೆ ಕೇರಿಯಿಂದ ಒಬ್ಬ ಮುದುಕ ಬರುತ್ತಿದ್ದ. ನಮ್ಮ ಮನೆಯ ಹುಡುಗ ಅವನನ್ನು "ಬಾರ್ಲಾ, ನೀರು ಕಟ್ಟು" ಅನ್ನುತ್ತಿದ್ದ. ಮುದುಕ ಆ ಹುಡುಗನಿಗೆ "ಆಯ್ತು ಬುದ್ದಿ" ಅನ್ನುತ್ತಿದ್ದ. ಮುದುಕನಿಗೆ ಎಪ್ಪತ್ತು ದಾಟಿತ್ತು. ನನಗಾಗ ಒಂಬತ್ತು ವರ್ಷ.

ಆ 'ಲಾ'ದಲ್ಲಿ ಯಾವ ಪ್ರೀತಿಯಿತ್ತು? ನನ್ನ ಅಜ್ಜಿ ನನ್ನನ್ನು ಕರೆಯುತ್ತಿದ್ದದ್ದೂ ಅದೇ ಅಕ್ಷರದಲ್ಲಿ. ವ್ಯತ್ಯಾಸ ಪದದಲ್ಲಿಲ್ಲ, ದಾರಿಯಲ್ಲಿದೆ. ಅಜ್ಜಿಯ 'ಲಾ'ಕ್ಕೆ ನಾನು "ಸುಮ್ಕಿರಮ್ಮಿ ಮುದ್ಕಿ" ಎಂದು ತಿರುಗಿ ಎಸೆಯಬಹುದಿತ್ತು, ಎಸೆದರೆ ಅವಳು ನಗುತ್ತಿದ್ದಳು. ಕೇರಿಗೆ ಹೋದ 'ಲಾ' ವಾಪಸ್ ಬರುತ್ತಿರಲಿಲ್ಲ, 'ಬುದ್ದಿ'ಯಾಗಿ ಬರುತ್ತಿತ್ತು. ಅಕಸ್ಮಾತ್ ಒಂದು ಸಂಜೆ ಅದು 'ಲಾ' ಆಗಿಯೇ ಬಂದಿದ್ದರೆ ಊರಿನಲ್ಲಿ ಪಂಚಾಯ್ತಿ ಸೇರುತ್ತಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ಹಿಡಿದು ಅವಮಾನಿಸುವ ಮಾತನ್ನು ಅಪರಾಧ ಅಂತ ಬರೆಯಬೇಕಾಗಿ ಬಂದದ್ದು ನಮ್ಮಂಥ ಊರುಗಳ ಸಿಹಿ ಹೃದಯವನ್ನು ನಂಬಲಾಗದೆ. ಅಂಬರೀಶಣ್ಣ ಬೈದದ್ದಕ್ಕೆ ಪುಳಕಗೊಂಡವರನ್ನು ಬಹಳ ಜನ ನೋಡಿದ್ದೇನೆ. ತಿರುಗಿ ಅದೇ ತೂಕದಲ್ಲಿ ಬೈದವರನ್ನು ನೋಡಿಲ್ಲ. ಪೊಲೀಸ್ ಸ್ಟೇಷನ್ನಿನ ಏಕವಚನವೂ ಇದೇ ಜಾತಿಯದು. 2021ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು, ಪೊಲೀಸರು ಜನರನ್ನು 'ಎಡಾ', 'ಎಡಿ', 'ನೀ' ಅಂತ ಕರೆಯಕೂಡದು ಎಂದಿತು, ಅಲ್ಲಿನ ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದರು. ನಮ್ಮಲ್ಲಿ ಅಷ್ಟೆಲ್ಲ ಬೇಡ. ಠಾಣೆಯ ಗೋಡೆಗೆ ಒಂದೇ ಬೋರ್ಡು ಸಾಕು: 'ಇಲ್ಲಿ ಸಾಹೇಬರು ಹೇಗೆ ಕರೆಯುತ್ತಾರೋ ಹಾಗೆಯೇ ತಾವೂ ಸಾಹೇಬರನ್ನು ಕರೆಯಬಹುದು.' ಮಾರನೆಯ ಬೆಳಿಗ್ಗೆಯಿಂದ ಅಲ್ಲಿ ಬರೀ ಬಹುವಚನ ಕೇಳಿಸುತ್ತದೆ.

ಹೋದ ಮಾತು ಹಾಗೇ ವಾಪಸ್ ಬರಬಹುದಾ ಎಂಬ ಈ ಪರೀಕ್ಷೆ ನನ್ನ ಕಲ್ಪನೆಯೇನೂ ಅಲ್ಲ, ಮಳವಳ್ಳಿ ತಾಲ್ಲೂಕಿನಲ್ಲಿ ಅದರ ಮಠವೇ ಇದೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿಯನ್ನು ಭಕ್ತರು 'ಧರೆಗೆ ದೊಡ್ಡವರು' ಅನ್ನುತ್ತಾರೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಅವರು ಕಲ್ಯಾಣಕ್ಕೆ ಹೋಗುವುದು ಶರಣರನ್ನು ಪರೀಕ್ಷಿಸಲು. ಮೈಮೇಲೆ ಕೊಳಕು, ಜೊತೆಗೆ ಹೆಂಡದ ವಾಸನೆ, ಬಾಯಲ್ಲಿ ಬಿರುಸು ಮಾತು. ಮಾತು ಮುತ್ತಿನಂತಿರಬೇಕೆಂದು ಜಗತ್ತಿಗೆ ಕಲಿಸಿದ ಊರು ಅದು. ಬಾಗಿಲಿಗೆ ಬಂದವನ ವಾಸನೆ ಹಿಡಿದು ಅಲ್ಲಿನವರು ಮುಖ ತಿರುಗಿಸಿದರು. ಅಲ್ಲಿ ಬಿರುಸು ಮಾತು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಮೇಲಿದ್ದವರು ಅದನ್ನು ತಡೆದುಕೊಳ್ಳುತ್ತಾರಾ ಇಲ್ಲವಾ ಅಂತ ನೋಡುವುದಕ್ಕೆ. ನಮ್ಮ ಜನ ನೂರಾರು ವರ್ಷದಿಂದ ಇದನ್ನು ಕೇಳಿ, ಕಣ್ಣೀರು ಹಾಕಿ, ಬೆಳಗಾದ ಮೇಲೆ ಗದ್ದೆಗೆ ಹೋಗಿ ಮುದುಕನನ್ನು "ಬಾರ್ಲಾ" ಅಂದಿದ್ದೇವೆ.

ತರಬೇತಿ ಮಧ್ಯಾಹ್ನ ಮುಗಿಯಿತು. ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ನನ್ನ ಹೆಸರನ್ನು ತಪ್ಪಾಗಿ ಬರೆದಿದ್ದರು, 'ಕ್ಷಮಿಸಿ' ಎಂದರು, ಅಂದರೆ ಸರಿಮಾಡುವುದಿಲ್ಲ ಅಂತ ಗುಮಾಸ್ತರ ನಿಘಂಟಿನಿಂದ ತಿಳಿದುಕೊಂಡೆ.

ಬೆಳಿಗ್ಗೆಯ ಬಸ್ಸಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಕೆ.ಎಂ. ದೊಡ್ಡಿಯಲ್ಲಿ ಅಜ್ಜಿ ಇಳಿಯಿತು. ಕಂಡಕ್ಟರು ಗಂಟನ್ನು ಕೆಳಗಿಳಿಸಿಕೊಟ್ಟು, "ಇನ್ನೊಂದ್ ದಪ ಒಬ್ಳೇ ಬಂದ್ರೆ ಕಾಲ್ ಮುರೀತೀನಿ" ಎಂದ. ಅಜ್ಜಿ ಎಲೆಅಡಿಕೆ ಉಗಿದು, ಕೋಲೆತ್ತಿ ಅವನ ಕಾಲಿಗೇ ತೋರಿಸಿತು: "ಹೋಗ್ಲಾ ಕಂಡಿದ್ದೀನಿ, ನಿನ್ ಕಾಲ್ ನೋಡ್ಕೋ, ಬೆಳಿಗ್ಗಿಂದ ನಿಂತಿದ್ದೀಯ. ಒತ್ತಿಗ್ ಸರ್ಯಾಗಿ ಉಣ್ಣು. ಹೋಗ್ಬತ್ತೀನಿ." ಅವನು ಶಿಳ್ಳೆ ಹೊಡೆದ, ಬಸ್ಸು ಹೊರಟಿತು.

ಬಿಳಿ ಅಂಗಿಯವರು ಮದ್ದೂರು ಬರುವವರೆಗೂ ಮಂದಹಾಸ ಬೀರುತ್ತ ಕೂತೇ ಇದ್ದರು. ಕಿಟಕಿ ಪಕ್ಕದ ಸೀಟಿನಲ್ಲಿ ನಾನೂ ಕೂತೇ ಇದ್ದೆ, ಅಜ್ಜಿ ಹತ್ತಿದಾಗಿನಿಂದ ಇಳಿಯುವವರೆಗೆ, ಇಬ್ಬರ ಮಾತನ್ನೂ ಬರೆದುಕೊಳ್ಳುತ್ತ.